ಮಗನಿಗೆ ರನ್ನ ಎಂದು ಹೆಸರಿಟ್ಟೆವು

ಮಗ ಹುಟ್ಟಿದ ಮೂರನೇ ದಿನ ಜೋಯಿಸರು ಫೋನಿನಲ್ಲಿ ಹೇಳಿದರು: "ಚಿತ್ತಾ ನಕ್ಷತ್ರ, ಮೂರನೇ ಪಾದ. ರ ಅಕ್ಷರ ಬಂದಿದೆ." ಅಷ್ಟು ಸಾಕಾಯಿತು. ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತಕ್ಕೂ ಜಾಸ್ತಿ ಹೆಸರು ಬಿದ್ದಿದ್ದವು. ರಯಾನ್, ರಾಯಾಂಶ್, ರಣ್‌ವೀರ್, ಹೀಗೇ ಸಾಲು ಸಾಲು. ಕೇಳಲು ಚೆನ್ನಾಗಿಯೇ ಇದ್ದವು. ಆದರೆ ಅರ್ಥ ಹುಡುಕಲು ಕೂತಾಗ ಒಂದೇ ಹೆಸರಿಗೆ ಮೂರು ಕಡೆ ಮೂರು ಅರ್ಥ ಸಿಕ್ಕಿತು. ಒಂದು ಕಡೆ ಸೂರ್ಯ, ಇನ್ನೊಂದು ಕಡೆ ರಾಜ, ಮತ್ತೊಂದು ಕಡೆ ಬಾಗಿಲು. ನಾಳೆ ಮಗ "ಅಮ್ಮ, ನನ್ನ ಹೆಸರಿನ ಅರ್ಥ ಏನು?" ಅಂದರೆ ಏನು ಹೇಳಲಿ?

ಅದಕ್ಕೇ ನನಗೆ ನಾನೇ ಎರಡು ಷರತ್ತು ಹಾಕಿಕೊಂಡೆ. ಹೆಸರಿನ ಅರ್ಥ ಒಂದು ಒಳ್ಳೆಯ ನಿಘಂಟಿನಲ್ಲಿ ಸಿಗಬೇಕು. ಹಿಂದೆ ಯಾರೋ ಒಬ್ಬರು ಆ ಹೆಸರು ಹೊತ್ತು ಬದುಕಿರಬೇಕು, ಅವರ ಕಥೆಯನ್ನು ಮಗನಿಗೆ ಹೇಳುವಂತಿರಬೇಕು.

ಹೆಸರು ಸಿಕ್ಕಿದ್ದು ಅಮ್ಮನ ಬಾಯಲ್ಲಿ. ರಾತ್ರಿ ಎರಡು ಗಂಟೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು, "ನನ್ನ ಚಿನ್ನ, ನನ್ನ ರನ್ನ" ಅಂತ. ಎಷ್ಟು ಸಲ ಕೇಳಿದ್ದೇನೆ ಆ ಮಾತನ್ನು! ಆ ರಾತ್ರಿ ಮಾತ್ರ "ರನ್ನ" ಎನ್ನುವುದು ಒಂದು ಹೆಸರಾಗಿ ಕಿವಿಗೆ ಬಿತ್ತು. ರ ಅಕ್ಷರ, ಎರಡೇ ಸ್ವರ, ಪೂರ್ತಿ ಕನ್ನಡದ ಬಾಯಿ.

ಮಾರನೇ ದಿನ ಗಂಡನ ಹತ್ತಿರ ಕಿಟೆಲ್ ನಿಘಂಟು ತೆಗೆಸಿದೆ. 1894ರಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ರನ್ನ ಎಂದರೆ ರತ್ನ ಶಬ್ದದ ತದ್ಭವ ಎಂದೇ ಇದೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇ ಅಲ್ವಾ? ವರ್ಣ-ಬಣ್ಣ, ಪಕ್ಷಿ-ಹಕ್ಕಿ, ಯಜ್ಞ-ಜನ್ನ, ರತ್ನ-ರನ್ನ. ಆಗ ಅದು ಬರೀ ಎರಡು ಅಂಕದ ಪ್ರಶ್ನೆ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಓದುವಾಗ ಬೇರೆಯೇ ಅನ್ನಿಸಿತು. ಯತ್ನ ಎನ್ನುವ ಶಬ್ದ ಕನ್ನಡಕ್ಕೆ ಬಂದು ಜತನ ಆಯಿತು, ತಕಾರ ಉಳಿಯಿತು. ರತ್ನದಲ್ಲಿ ಮಾತ್ರ ತಕಾರ ಕರಗಿ ನಕಾರಕ್ಕೆ ಸೇರಿಕೊಂಡಿತು. ಅದೇ ರತ್ನ ಪಾಲಿ ಭಾಷೆಯಲ್ಲಿ ರತನ, ಹಿಂದಿಯಲ್ಲಿ ರತನ್. ಅಲ್ಲಿ ರತನ್ ಎಂಬ ಗಂಡಸರು ಬೇಕಾದಷ್ಟು. ನಮ್ಮಲ್ಲಿ ರತ್ನ ಎಂದರೆ ಹೆಚ್ಚಾಗಿ ಹೆಣ್ಣು: ರತ್ನಮ್ಮ, ರತ್ನಾವತಿ, ಸುಮ್ನೆ ರತ್ನ. ರನ್ನ ಎಂದ ಕೂಡಲೇ ಗಂಡು. ಹಾಗೆ ಆಗಿದ್ದು ಒಬ್ಬ ಕವಿಯಿಂದ.

ಕವಿ ರನ್ನನ ಬಗ್ಗೆ ನನಗೆ ಗೊತ್ತಿದ್ದದ್ದು ಪಂಪ, ಪೊನ್ನ, ರನ್ನ ಎಂಬ ಸಾಲು ಮತ್ತು ಗದಾಯುದ್ಧ ಮಾತ್ರ. ಬಾಣಂತನದಲ್ಲಿ ಕೂತು ಓದುತ್ತಾ ಹೋದೆ. ಹುಟ್ಟಿದ್ದು 949ರಲ್ಲಿ, ಮುಧೋಳದಲ್ಲಿ. ಬಳೆಗಾರರ ಮನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಬೇಕೆಂಬ ಹಂಬಲದಿಂದ ಊರು ಬಿಟ್ಟು ದಕ್ಷಿಣಕ್ಕೆ, ಗಂಗರ ನಾಡಿಗೆ ಬಂದ. ಅಜಿತಸೇನಾಚಾರ್ಯರು ಗುರುಗಳಾದರು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಆಶ್ರಯ ಕೊಟ್ಟ. ಆಮೇಲೆ ದಾನಚಿಂತಾಮಣಿ ಅತ್ತಿಮಬ್ಬೆ ಅವನಿಂದ ಅಜಿತಪುರಾಣ ಬರೆಸಿದಳು. ಅದು ಮುಗಿದದ್ದು 993ರಲ್ಲಿ. ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನ್ನಿಸಿಕೊಂಡ.

ಇಲ್ಲಿ ನಮ್ಮ ಮನೆಯ ವಿಷಯ ಹೇಳಲೇಬೇಕು. ಗಂಡನ ಊರು ಜಮಖಂಡಿ. ಪಕ್ಕದ್ದೇ ಮುಧೋಳ. ಆ ತಾಲೂಕಿನಲ್ಲಿ ರನ್ನ ಬೆಳಗಲಿ ಎಂದು ಕವಿಯ ಹೆಸರು ಹೊತ್ತ ಊರೇ ಇದೆ. ನನ್ನ ತವರು ಚನ್ನರಾಯಪಟ್ಟಣ, ಶ್ರವಣಬೆಳಗೊಳಕ್ಕೆ ಹತ್ತಿರ. ಅಲ್ಲಿ ಚಿಕ್ಕಬೆಟ್ಟದ ಬಂಡೆಯ ಮೇಲೆ "ಶ್ರೀ ಕವಿರತ್ನ" ಎಂದು ಹಳೆಯ ಅಕ್ಷರಗಳಿವೆ. ಕವಿರತ್ನ ಎನ್ನುವುದು ರನ್ನನ ಬಿರುದು, ಅದು ಅವನದೇ ಸಹಿ ಎಂದು ವಿದ್ವಾಂಸರು ಹೇಳುತ್ತಾರೆ. ಎಂಟನೇ ಕ್ಲಾಸಿನ ಪ್ರವಾಸದಲ್ಲಿ ನಾನು ಅದನ್ನು ನೋಡಿದ್ದೆ. ಅಂದರೆ ಗಂಡನ ಸೀಮೆಯಲ್ಲಿ ಹುಟ್ಟಿದವನು ನನ್ನ ಸೀಮೆಗೆ ಬಂದು ಕಲ್ಲಿನ ಮೇಲೆ ತನ್ನ ಗುರುತು ಬಿಟ್ಟು ಹೋದ. ನನ್ನ ಮಗನೂ ಅರ್ಧ ಅಲ್ಲಿಯವನು, ಅರ್ಧ ಇಲ್ಲಿಯವನು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಆದರೆ ಅತ್ತೆ ಒಪ್ಪಲಿಲ್ಲ. "ರನ್ನ ಅಂದ್ರ ಮುದ್ದಿನ ಮಾತವಾ. ಎಲ್ಲಾ ಕೂಸಿಗೂ ಅಂತೇವಿ. ಹಾಜರಿ ಪುಸ್ತಕದಾಗ ಯಾರರ ಚಿನ್ನ ಅಂತ ಬರಸ್ತಾರೇನು?"

ಅವರ ಮಾತಿನಲ್ಲಿ ಸತ್ಯ ಇತ್ತು. ಈ ಹೆಸರು ಅಪರೂಪವಾಗಿ ಉಳಿದದ್ದಕ್ಕೆ ನನ್ನ ಪ್ರಕಾರ ಕಾರಣವೂ ಅದೇ. ಶಬ್ದ ಎಲ್ಲರ ಬಾಯಲ್ಲೂ ಇದೆ, ಅದಕ್ಕೇ ಯಾರೂ ಅದನ್ನು ಹೆಸರು ಎಂದು ನೋಡುವುದಿಲ್ಲ. ನಮ್ಮ ವಾರ್ಡಿನ ಮತದಾರರ ಪಟ್ಟಿ ತೆಗೆದು ಪುಟ ಪುಟ ನೋಡಿದೆ. ರತ್ನಮ್ಮ, ರತ್ನಾಕರ, ಹೊನ್ನಪ್ಪ, ಚಿನ್ನಪ್ಪ, ಎಲ್ಲರೂ ಇದ್ದರು. ರನ್ನ ಒಬ್ಬನೂ ಇರಲಿಲ್ಲ. ಅಮೆರಿಕದಲ್ಲಿ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟಿದ್ದಾರೆ ಎಂದು ಪ್ರತಿ ವರ್ಷ ಸರ್ಕಾರವೇ ಪಟ್ಟಿ ಹಾಕುತ್ತದೆ. ನನಗೆ ಇಲ್ಲಿ ಸಿಕ್ಕಿದ್ದು ಮತದಾರರ ಪಟ್ಟಿ. ಅದರಲ್ಲಿ ಹದಿನೆಂಟು ತುಂಬಿದವರು ಮಾತ್ರ ಇರುತ್ತಾರೆ, ಈಗಿನ ಮಕ್ಕಳ ಲೆಕ್ಕ ಸಿಗುವುದಿಲ್ಲ. 2015ರಲ್ಲಿ ಇದೇ ಹೆಸರಿನ ಸಿನಿಮಾ ಬಂದಿತ್ತು. ಈಗಲೂ ಹೆಸರು ಕೇಳಿದವರಲ್ಲಿ ಕೆಲವರು "ಸಿನಿಮಾ ನೋಡಿ ಇಟ್ಟಿರಾ?" ಅನ್ನುತ್ತಾರೆ. ನನಗೆ ಬೇಸರ ಇಲ್ಲ. ಅದೇ ನೆಪದಲ್ಲಿ ಕವಿಯ ಕಥೆ ಹೇಳಬಹುದು.

ಅತ್ತೆಯ ಮನಸ್ಸು ತಿರುಗಿಸಿದ್ದು ನಾನಲ್ಲ, ರನ್ನನೇ. ಒಂದು ಮಧ್ಯಾಹ್ನ ಅವರಿಗೆ ಹೇಳಿದೆ: "ಅತ್ತೆ, ಈ ರನ್ನ ತನ್ನ ಮಗನಿಗೆ ರಾಯ ಅಂತ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟಿದ್ದನಂತೆ. ಕಷ್ಟಕಾಲದಲ್ಲಿ ಕೈಹಿಡಿದ ಚಾವುಂಡರಾಯನನ್ನೂ ಅತ್ತಿಮಬ್ಬೆಯನ್ನೂ ನೆನೆದು." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಬಳಿಗಾರ್ರ ಹುಡುಗ ಏನು?" ಎಂದು ಕೇಳಿದರು. ತಮ್ಮ ತವರಿಗೆ ಬರುತ್ತಿದ್ದ ಬಳೆಗಾರನ ನೆನಪು ತೆಗೆದರು. ರನ್ನ ತನ್ನ ಹೆಸರಿನಲ್ಲೇ ಆಟವಾಡಿದ್ದನ್ನೂ ಹೇಳಿದೆ: ಆದಿಶೇಷನ ಹೆಡೆಯ ಮೇಲಿನ ರತ್ನವನ್ನೂ ರನ್ನನ ಕೃತಿರತ್ನವನ್ನೂ ಪರೀಕ್ಷೆ ಮಾಡಲು ಬರುವವನಿಗೆ ಎಂಟೆದೆ ಇದೆಯೇ ಎಂದು ಕೇಳಿದವನು ಅವನು. ಅತ್ತೆ ನಕ್ಕರು. "ಹಂಗಾರ ಇಡ್ರಿ. ಗಟ್ಟಿಗ ಅದಾನ."

ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿದೆವು. ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ನನ್ನ ಗಂಡ ಅಕ್ಕಿಯ ಮೇಲೆ ಬೆರಳಿನಿಂದ ಬರೆದರು. ನಕಾರದ ಒತ್ತು ಹಾಕುವಾಗ ಅಕ್ಕಿ ಸರಿದು ಮತ್ತೆ ಮತ್ತೆ ಅಳಿಸುತ್ತಿತ್ತು.

ಅದೇ ಒತ್ತು ಆಮೇಲೆ ಕಾಗದದಲ್ಲೂ ಕಾಟ ಕೊಟ್ಟಿತು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದನ್ನು ಆಸ್ಪತ್ರೆಯವರೇ ಕಳಿಸಿದ್ದರು. ಮಗುವಿನ ಹೆಸರು ಆಗಲೇ ಕೊಡಬೇಕೆಂದಿಲ್ಲ. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಈ ಅನುಕೂಲ ಎಷ್ಟೋ ಜನರಿಗೆ ಗೊತ್ತಿಲ್ಲ. ಅವಸರದಲ್ಲಿ ಏನೋ ಒಂದು ಬರೆಸಿ ಆಮೇಲೆ ಪರದಾಡುತ್ತಾರೆ. ನಾವು ಎರಡು ತಿಂಗಳಾದ ಮೇಲೆ ಅರ್ಜಿ ಕೊಟ್ಟೆವು. ಬಂದ ಪ್ರಮಾಣಪತ್ರದಲ್ಲಿ ಇಂಗ್ಲಿಷಿನಲ್ಲಿ ಒಂದೇ ಎನ್, ಕನ್ನಡದಲ್ಲಿ "ರಾನ". ಅರ್ಜಿಯ ಇಂಗ್ಲಿಷ್ ಅಕ್ಷರ ನೋಡಿ ಯಾರೋ ಕನ್ನಡಕ್ಕೆ ಇಳಿಸಿದ್ದರು. ನೋಡಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಇಂಥ ತಪ್ಪು ತಿದ್ದಿಸಲು ಅವಕಾಶ ಇದೆ. ಅರ್ಜಿ, ಅಪ್ಪ ಅಮ್ಮನ ಗುರುತಿನ ಚೀಟಿ, ಒಂದು ಅಫಿಡವಿಟ್ ಕೊಟ್ಟೆವು. ಎರಡು ಸಲ ಓಡಾಡಿದ ಮೇಲೆ ಸರಿಯಾಯಿತು. ಅಪರೂಪದ ಹೆಸರು ಇಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದ ಚೀಟಿ ಅರ್ಜಿಗೆ ಲಗತ್ತಿಸಿ. ಅಚ್ಚಾಗುವ ಮೊದಲು ಒಂದು ಸಲ ತೋರಿಸಿ ಎಂದು ಕೇಳಿ.

ಈಗ ಅವನಿಗೆ ಆರು ವರ್ಷ. ಹೊಸಬರು ಮೊದಲ ಸಲ "ರಾಣಾ?" ಅನ್ನುತ್ತಾರೆ. ಅವನೇ ತಿದ್ದುತ್ತಾನೆ: "ರಾಣಾ ಅಲ್ಲ, ರನ್ನ. ಚಿನ್ನ ಇದೆಯಲ್ಲ, ಹಾಗೆ." ಮುದ್ದಿನ ಮಾತೇ ಹೆಸರಾದ್ದರಿಂದ ಮುದ್ದು ಮಾಡಲು ಅತ್ತೆಗೆ ಬೇರೆ ಹೆಸರು ಬೇಕಾಯಿತು. ಅವರು "ಪೊನ್ನ" ಅನ್ನುತ್ತಾರೆ. ಪೊನ್ನ ಎಂದರೆ ಹೊನ್ನು, ಹಾಗಾಗಿ ನಮ್ಮ ಮನೆಯಲ್ಲಿ ಮೂರು ಕವಿಗಳಲ್ಲಿ ಇಬ್ಬರು ಒಂದೇ ಹುಡುಗನಲ್ಲಿ ಇದ್ದಾರೆ. ಕಳೆದ ವಾರ ಅವನು ತನ್ನ ಹೆಸರನ್ನು ಪಾಟಿಯ ಮೇಲೆ ಬರೆದ. ಒತ್ತಿನ ಜಾಗ ಸ್ವಲ್ಪ ಪಕ್ಕಕ್ಕೆ ಹೋಗಿತ್ತು. ಕಲ್ಲಿನ ಮೇಲೆ ಬರೆದ ರನ್ನನ ಅಕ್ಷರ ಹೇಗಿದೆ ನೋಡಬೇಕು ಅಂದ. ಮಳೆ ನಿಂತ ಮೇಲೆ ಚಿಕ್ಕಬೆಟ್ಟ ಹತ್ತಿಸಬೇಕು. ಅತ್ತೆಯೂ ಬರುತ್ತಾರಂತೆ.