ಅಪಘಾತದ ಪರಿಹಾರ: ಕೇಸು ಶುರುವಾಗುವುದು ಆಸ್ಪತ್ರೆ ಕೌಂಟರ್‌ನಲ್ಲೇ

ರಸ್ತೆ ಅಪಘಾತದ ಪರಿಹಾರ ಎಂದರೆ ಎಲ್ಲರಿಗೂ ನೆನಪಾಗುವುದು ಕೋರ್ಟು, ವಕೀಲರು. ಆದರೆ ಎಷ್ಟೋ ಕೇಸುಗಳು ಸೊರಗುವುದು ಮೊದಲ ದಿನವೇ, ಆಸ್ಪತ್ರೆಯ ಕೌಂಟರ್‌ನಲ್ಲಿ. ಜೊತೆಗೆ ಬಂದವರು ಗಾಬರಿಯಲ್ಲೋ, ಪೊಲೀಸ್ ರಗಳೆ ಬೇಡವೆಂದೋ ‘ಬೈಕ್‌ನಿಂದ ಜಾರಿ ಬಿದ್ದ’ ಎಂದು ಬರೆಸಿಬಿಡುತ್ತಾರೆ. ಮುಂದೆ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೇ ಹಾಳೆ ಹಿಡಿದು ನಿಲ್ಲುತ್ತಾರೆ: ಯಾವ ಕಾರೂ ಗುದ್ದಿಲ್ಲ, ಇವರೇ ಬಿದ್ದದ್ದು!

ಹಾಗಾಗಿ ಮೊದಲು ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆ ಬರೆದಿಡುವ ದಾಖಲೆ) ಮಾಡಿಸಿ. ಯಾವ ಗಾಡಿ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆಸಿ. ಬರೆದದ್ದನ್ನು ಒಮ್ಮೆ ಓದಿ ನೋಡಿ. ಗಾಯಾಳುವನ್ನು ಕರೆತಂದ ದಾರಿಹೋಕರು ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ಎರಡನೆಯದು ಠಾಣೆ. ದೂರು ಆದಷ್ಟು ಬೇಗ ಕೊಡಿ. ತಡವಾದರೆ ಯಾಕೆ ತಡವಾಯಿತು ಎಂಬುದನ್ನೂ ದೂರಿನಲ್ಲೇ ಬರೆಯಿರಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವೂಂಡ್ ಸರ್ಟಿಫಿಕೇಟ್ (ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ), ಕೊನೆಗೆ ಚಾರ್ಜ್‌ಶೀಟ್, ಇಷ್ಟರ ಪ್ರತಿಯೂ ನಿಮ್ಮ ಕೈಯಲ್ಲಿರಲಿ. 2022ರ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ (ಎಂಎಸಿಟಿ) ತಿಳಿಸಬೇಕು. ಅದನ್ನೇ ನಂಬಿ ಸುಮ್ನೆ ಕೂರಬೇಡಿ.

ಅರ್ಜಿ ಹಾಕುವುದು ಎಲ್ಲಿ? ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟು ಈ ಕೇಸುಗಳನ್ನು ನೋಡುತ್ತದೆ. ಬಹಳಷ್ಟು ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟೇ ಎಂಎಸಿಟಿ. ಅಪಘಾತ ತುಮಕೂರಿನ ಹತ್ತಿರ ಆಗಿದ್ದರೂ ನೀವು ಬೆಳಗಾವಿಯವರಾದರೆ ಬೆಳಗಾವಿಯಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಈ ಗಡುವು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆಗೊಳಗಾಗಿರುವುದರಿಂದ, ದಿನ ಮೀರಿದ್ದರೂ ಕೈಚೆಲ್ಲದೆ ವಕೀಲರನ್ನು ಕೇಳಿ.

ಇನ್ನು ದುಡ್ಡಿನ ಲೆಕ್ಕ. ಆಸ್ಪತ್ರೆ ಮತ್ತು ಔಷಧದ ಬಿಲ್ಲುಗಳ ಅಸಲು ಪ್ರತಿ ಬೇಕು. ನೋವು, ರಜೆಯಲ್ಲಿ ಹೋದ ದುಡಿಮೆ, ಆರೈಕೆಯ ಖರ್ಚು ಬೇರೆ ಬೇರೆ ಲೆಕ್ಕ. ದೊಡ್ಡ ಮೊತ್ತ ಬರುವುದು ಶಾಶ್ವತ ಅಂಗವೈಕಲ್ಯಕ್ಕೆ. ವೈದ್ಯರು ಕಾಲಿಗೆ ಶೇ 40 ಊನ ಎಂದರೆ ಕೋರ್ಟು ಅದನ್ನೇ ಹಿಡಿಯುವುದಿಲ್ಲ. ಅದರಿಂದ ದುಡಿಮೆ ಎಷ್ಟು ಕುಂದಿತು ಎಂದು ನೋಡುತ್ತದೆ. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕಾಲಲ್ಲಿ ಮಷೀನ್ ತುಳಿಯುವ 34 ವರ್ಷದ ಟೈಲರ್ ಒಬ್ಬರಿದ್ದಾರೆ ಅಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿ ಆದಾಯ, ದುಡಿಮೆಗೆ ಶೇ 20 ಪೆಟ್ಟು. ಆ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸಲು ವಯಸ್ಸಿಗೆ ತಕ್ಕಂತೆ ಕೋರ್ಟು ಹಿಡಿಯುವ ಸಂಖ್ಯೆ) 16. ಹನ್ನೆರಡು ತಿಂಗಳ ಆದಾಯ 1,80,000. ಅದನ್ನು 16ರಿಂದ ಗುಣಿಸಿ, ಬಂದದ್ದರ ಶೇ 20 ಎಷ್ಟೆಂದು ನೋಡಿದರೆ 5,76,000 ರೂಪಾಯಿ. ಅದಕ್ಕೇ ನಿಮ್ಮ ಕೆಲಸ ಎಂಥದ್ದು ಎಂಬುದನ್ನು ಸಾಕ್ಷಿ ಹೇಳುವಾಗ ಬಿಡಿಸಿ ಹೇಳಬೇಕು. ‘ಕೂಲಿ’ ಅಂತಷ್ಟೇ ಹೇಳಿ ಇಳಿದು ಬರಬೇಡಿ. ಆದಾಯಕ್ಕೆ ದಾಖಲೆ ಇಲ್ಲವೇ? ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿ ಆಯಾ ವರ್ಷಕ್ಕೆ ಹಾಕಿರುವ ಅಂದಾಜು ಆದಾಯವನ್ನು ನಮ್ಮ ಹೈಕೋರ್ಟ್ ಒಪ್ಪುತ್ತಾ ಬಂದಿದೆ.

ತಪ್ಪು ನಿಮ್ಮದೂ ಸ್ವಲ್ಪ ಇದ್ದರೆ ಅಷ್ಟು ಪಾಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗುದ್ದಿದ ಗಾಡಿ ಪರಾರಿಯಾಗಿ ಪತ್ತೆಯೇ ಆಗದಿದ್ದರೆ ದಾರಿ ಬೇರೆ: ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ.

ವಾರ್ಡಿನ ಬಾಗಿಲಲ್ಲೇ ‘ಕೇಸು ನಾವು ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವವರು ಸಿಗುತ್ತಾರೆ. ಬಂದ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಫೀಸು ಮೊದಲೇ ಮಾತಾಡಿಕೊಳ್ಳಿ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಆಮೇಲೆ ಮೇಲ್ಮನವಿ ಇಲ್ಲ. ಕಂಪನಿ ಹೇಳುವ ಮೊತ್ತವನ್ನು ಮೇಲಿನ ಲೆಕ್ಕದ ಜೊತೆ ಇಟ್ಟು ನೋಡಿ, ಆಮೇಲೆ ಸಹಿ ಹಾಕಿ. ತೀರ್ಪಿನ ಮೊತ್ತ ಕಡಿಮೆ ಅನ್ನಿಸಿದರೆ ಹೈಕೋರ್ಟ್‌ಗೆ ಹೋಗಲು 90 ದಿನ ಇರುತ್ತದೆ.