ರಷ್ಯನ್ ಮಾತಾಡೋರೆಲ್ಲ ರಷ್ಯಾ ಕಡೆನಾ? ಬಳ್ಳಾರಿಯಲ್ಲಿ ಕೂತು ಡಾನ್‌ಬಾಸ್ ಸುದ್ದಿ ಓದೋದು ಹೆಂಗೆ

ಮೊನ್ನೆ ಸಂಜೆ ರಾಯಲ್ ಸರ್ಕಲ್ ಹತ್ರ ಒಗ್ಗರಣೆ ಮಿರ್ಚಿ ತಿಂತಾ ನಿಂತಿದ್ವಿ, ಫ್ರೆಂಡ್ ಒಬ್ಬ ಮೊಬೈಲಲ್ಲಿ ರಷ್ಯಾ-ಉಕ್ರೇನ್ ಯುದ್ಧದ ನ್ಯೂಸ್ ನೋಡ್ತಾ ಅಂದ, ಆ ಪೂರ್ವ ಉಕ್ರೇನಿನ ಡಾನ್‌ಬಾಸ್ ಕಡೆಯ ಡೊನೆಟ್ಸ್ಕ್ ಜನ ಎಲ್ಲಾ ರಷ್ಯನ್ ಮಾತಾಡೋರೇ ಅಂತಲ್ಲೋ, ರಷ್ಯಾಕ್ಕೇ ಸೇರ್ಕೊಳ್ಲಿ ಬಿಡು, ಜಗಳ ಯಾಕೆ ಅಂತ. ನಿಮ್ಮನೇಲಿ ಏನ್ ಮಾತಾಡ್ತೀರಪ್ಪಾ ಅಂದೆ. ತೆಲುಗು ಅಂದ. ಹಂಗಾದ್ರೆ ನಿಮ್ಮನೆ ಆಂಧ್ರಕ್ಕೆ ಕೊಟ್ಬಿಡೋಣೇನು ಅಂದೆ. ಕೈಯಲ್ಲಿದ್ದ ಮಿರ್ಚಿ ಹಂಗೇ ನಿಂತ್ಬಿಡ್ತು ಅವಂದು.

ಅವತ್ತಿಂದ ಇದನ್ನ ಬರೀಬೇಕು ಅಂತ ಮನಸ್ಸಲ್ಲಿ ಇತ್ತು, ಯಾಕಂದ್ರೆ ಈ ಸುದ್ದಿ ಓದೋಕೆ ಬಳ್ಳಾರಿ-ರಾಯಚೂರು ಕಡೆಯವ್ರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲ ಐತೆ, ಅದನ್ನ ನಾವು ಬಳಸ್ಕೊಳ್ತಾ ಇಲ್ಲ.

ಮೊದಲು ಮಾಡ್ಬೇಕಾದ್ದು ಇಷ್ಟು. "ರಷ್ಯನ್ನರು" ಅಂತ ಎಲ್ಲಿ ಕಂಡ್ರೂ ಅಲ್ಲೇ ನಿಂತು ನಾಲ್ಕು ಪ್ರಶ್ನೆ ಬಿಡಿಸಿ ಕೇಳಿ. ಮನೇಲಿ ಯಾವ ಭಾಷೆ? ತಮ್ಮನ್ನ ತಾವು ಯಾರು ಅಂತ ಹೇಳ್ಕೊಳ್ತಾರೆ? ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟು? ಮನಸ್ಸು ಯಾರ ಕಡೆ? ಟಿವಿಯವ್ರು ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬ್ತಾರೆ. ಉಕ್ರೇನಿನ 2001ರ ಜನಗಣತಿ ತಗೊಳ್ಳಿ, ಡೊನೆಟ್ಸ್ಕ್ ಪ್ರಾಂತ್ಯದಲ್ಲಿ ನಾವು ಉಕ್ರೇನಿಯನ್ನರು ಅಂತ ಬರೆಸಿದವ್ರು ಶೇ. 56.9, ರಷ್ಯನ್ನರು ಅಂತ ಬರೆಸಿದವ್ರು ಶೇ. 38.2. ಆದ್ರೆ ಮಾತೃಭಾಷೆ ರಷ್ಯನ್ ಅಂದವ್ರು ಶೇ. 74.9! ಈ 38ಕ್ಕೂ 75ಕ್ಕೂ ಮಧ್ಯೆ ಇರೋ ಜನ ಬಹುಪಾಲು ಯಾರು ಅಂದ್ರೆ, ನಾವು ಉಕ್ರೇನಿಯನ್ನರೇ, ಮಾತು ಮಾತ್ರ ರಷ್ಯನ್ ಅನ್ನೋರು. ನಮ್ಮೂರಲ್ಲಿ ಬೀದಿಬೀದಿಗೂ ಸಿಗ್ತಾರಲ್ಲ, ಮನೇಲಿ ತೆಲುಗು, ನವೆಂಬರ್ ಒಂದಕ್ಕೆ ಗಾಡಿಗೆ ಕನ್ನಡ ಬಾವುಟ, ಹಂಗೆ. ನಮ್ಮಜ್ಜಿ ಹಾಲಿನ ಲೆಕ್ಕ ಕೊನೇವರ್ಗೂ ತೆಲುಗಲ್ಲೇ ಎಣಿಸಿದ್ಲು, ಆದ್ರೆ ಯಾವೂರು ಅಂದ್ರೆ ಬಳ್ಳಾರಿ ಅಂತಿದ್ಲೇ ಹೊರತು ಆಂಧ್ರ ಅಂತ ಬಾಯಲ್ಲಿ ಬಂದಿದ್ದೇ ಇಲ್ಲ. ಅದೇ 1953ರಲ್ಲಿ ಆಂಧ್ರಕ್ಕೆ ಹೋದ ಆದೋನಿ, ಆಲೂರು, ರಾಯದುರ್ಗದಲ್ಲಿ ಇವತ್ತಿಗೂ ಮನೇಲಿ ಕನ್ನಡ ಮಾತಾಡೋ ಬೀಗರು ನಮಗೆ ಇದಾರೆ, ಓಟು ಹಾಕೋದು ಅಲ್ಲಿ, ಬದುಕು ಅಲ್ಲಿ, ಯಾರಿಗೂ ಅದ್ರಲ್ಲಿ ತಪ್ಪು ಕಂಡಿಲ್ಲ.

ಆ ಭಾಷೆ ಆ ಊರಿಗೆ ಹೆಂಗೆ ಬಂತು ಅಂತಾನೂ ನೋಡ್ಬೇಕು, ಇದನ್ನ ಬಿಟ್ರೆ ಏನೂ ಅರ್ಥ ಆಗಲ್ಲ. ಡೊನೆಟ್ಸ್ಕ್ ಹುಟ್ಟಿದ್ದೇ ಗಣಿಯಿಂದ, ಜಾನ್ ಹ್ಯೂಸ್ ಅನ್ನೋ ವೇಲ್ಸ್ ದೇಶದವ್ನು 1870ರ ಹೊತ್ತಿಗೆ ಬಂದು ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲ ಗಣಿ ಶುರು ಮಾಡ್ದ, ಊರಿಗೆ ಅವನ ಹೆಸರೇ ಬಿತ್ತು, ಯೂಝೋವ್ಕಾ ಅಂತ. ಕೂಲಿಗೆ ರಷ್ಯಾದ ಹಳ್ಳಿಗಳಿಂದ ಜನ ಬಂದ್ರು, ಸುತ್ತಲ ಉಕ್ರೇನಿಯನ್ ಹಳ್ಳಿಯವ್ರೂ ಬಂದ್ರು, ಗಣಿಯಲ್ಲೂ ಆಫೀಸಲ್ಲೂ ನಡೀತಿದ್ದಿದ್ದು ರಷ್ಯನ್, ಎರಡು ತಲೆಮಾರಲ್ಲಿ ಮಕ್ಕಳ ಬಾಯಲ್ಲೂ ಅದೇ ಆಯ್ತು. ನಮ್ಮ ತೋರಣಗಲ್ಲು ಉಕ್ಕಿನ ಕಾರ್ಖಾನೇಲಿ ಶಿಫ್ಟ್ ಬಿಡೋ ಟೈಮಿಗೆ ಗೇಟ್ ಹತ್ರ ನಿಂತು ಕೇಳಿ, ಹಿಂದಿ ಎಷ್ಟು ಕಿವಿಗೆ ಬೀಳ್ತದೆ ಅಂತ, ಹಂಗಂತ ಅಲ್ಲಿ ದುಡಿಯೋರೆಲ್ಲ ಒಂದೇ ಕಡೆಯವ್ರಾ? ಇನ್ನು ಎರಡೂ ಕಲಸಿ ಮಾತಾಡೋರೂ ಬಹಳ, ಆ ಮಾತಿಗೆ ಸುರ್ಝಿಕ್ ಅಂತಾರೆ. ಆ ಪದ ಮೊದಲಿದ್ದಿದ್ದು ಬೆರಕೆ ಕಾಳಿಗೆ, ಅಂಥ ಕಾಳಿನ ಹಿಟ್ಟಿಗೆ, ನಾವು ಜೋಳಕ್ಕೆ ಸಜ್ಜೆ ಸೇರಿಸಿ ಬೀಸಿಸ್ತೀವಲ್ಲ ಹಂಗೆ. ನಮ್ಮ ಗಡಿ ಹಳ್ಳಿಗಳ ಕನ್ನಡ-ತೆಲುಗಿಗೂ ಈ ಹೆಸರು ಒಪ್ತದೆ ಅಂತ ನನಗೆ ಅನ್ಸಿದ್ದು.

ಹಂಗಂತ ಅಲ್ಲಿ ರಷ್ಯಾ ಕಡೆ ಮನಸ್ಸು ಇದ್ದವ್ರು ಯಾರೂ ಇರ್ಲಿಲ್ಲ ಅಂತ ಅಂದ್ಕೊಂಡ್ರೆ ಅದೂ ತಪ್ಪೇ. ಸೋವಿಯತ್ ಒಡೆದ ಮೇಲೆ ಗಣಿಗಳು ಮುಚ್ಚಿದ್ವು, ಸಂಬಳ ತಿಂಗಳುಗಟ್ಲೆ ಬರ್ಲಿಲ್ಲ, ಕೀವ್‌ನವ್ರು ನಮ್ಮನ್ನ ಕೀಳಾಗಿ ನೋಡ್ತಾರೆ ಅನ್ನೋ ನೋವು ನಿಜವಾಗ್ಲೂ ಇತ್ತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಬರೋವರ್ಗೂ ಬೆಂಗಳೂರಿನ ಮೇಲೆ ನಮ್ಮ ಭಾಗಕ್ಕಿದ್ದ ಸಿಟ್ಟು ನೆನಪು ಮಾಡ್ಕೊಳ್ಳಿ, ಹತ್ರಹತ್ರ ಅಂಥದ್ದೇ. 2014 ಫೆಬ್ರವರಿ 23ಕ್ಕೆ ಉಕ್ರೇನಿನ ಪಾರ್ಲಿಮೆಂಟು ರಷ್ಯನ್ ಭಾಷೆಗೆ ಪ್ರಾದೇಶಿಕ ಸ್ಥಾನ ಕೊಟ್ಟಿದ್ದ ಕಾಯ್ದೆ ರದ್ದು ಮಾಡೋಕೆ ಓಟು ಹಾಕ್ತು, ಹಂಗಾಮಿ ಅಧ್ಯಕ್ಷ ಅದಕ್ಕೆ ಸೈನ್ ಹಾಕ್ಲಿಲ್ಲ, ಆದ್ರೂ ಹೆದರಿಕೆ ಊರೂರಿಗೆ ಹಬ್ಬಿತು. ಆದ್ರೆ ಅಸಮಾಧಾನ ಬೇರೆ, ದೇಶ ಬಿಡೋದು ಬೇರೆ ಕಣ್ರಿ. ಅದೇ ಏಪ್ರಿಲಲ್ಲಿ ಡೊನೆಟ್ಸ್ಕ್ ಪ್ರಾಂತ್ಯದ ಸ್ಲೋವಿಯಾನ್ಸ್ಕ್ ಊರನ್ನ ಬಂದೂಕು ಹಿಡಿದು ವಶ ಮಾಡ್ಕೊಂಡವ್ರ ಮುಂದಾಳು ಇಗೋರ್ ಗಿರ್ಕಿನ್ ಆ ಊರವ್ನೇ ಅಲ್ಲ, ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ. ಊರವ್ರೂ ಜೊತೆಗೆ ಸೇರಿದ್ರು, ಅದೂ ನಿಜ, ಎರಡನ್ನೂ ತಲೇಲಿ ಇಟ್ಕೊಂಡೇ ಓದ್ಬೇಕು.

ಅಂಕಿ ಕಂಡ್ರೆ ಇಸವಿ ನೋಡಿ, ಆವಾಗ ಬಂದೂಕು ಯಾರ ಕೈಯಲ್ಲಿತ್ತು ಅಂತ ನೋಡಿ. 1991 ಡಿಸೆಂಬರ್ 1ರ ಮತದಾನದಲ್ಲಿ ಇದೇ ಡೊನೆಟ್ಸ್ಕ್ ಪ್ರಾಂತ್ಯ ಸ್ವತಂತ್ರ ಉಕ್ರೇನಿಗೆ ಶೇ. 83ಕ್ಕಿಂತ ಜಾಸ್ತಿ ಹೌದು ಅಂದಿತ್ತು, ಕ್ರೈಮಿಯಾದಲ್ಲಿ ಮಾತ್ರ ಬರೀ ಶೇ. 54. 2022 ಸೆಪ್ಟೆಂಬರಲ್ಲಿ ರಷ್ಯಾ ತಾನು ಹಿಡಿದಿದ್ದ ಜಾಗಗಳಲ್ಲಿ ಸೈನಿಕರನ್ನ ಜೊತೆಗೆ ಕಳಿಸಿ ಮನೆಮನೆಗೆ ಪೆಟ್ಟಿಗೆ ಒಯ್ಸಿ ನಡೆಸಿದ ಮತದಾನವನ್ನ ಇದರ ಪಕ್ಕ ಇಟ್ಟು ಹೋಲಿಸೋಕೇ ಬರಲ್ಲ. ಪಾಸ್‌ಪೋರ್ಟೂ ಅಷ್ಟೇ, 2019ರಿಂದ ರಷ್ಯಾ ಅಲ್ಲಿ ಸುಲಭವಾಗಿ ಪಾಸ್‌ಪೋರ್ಟ್ ಹಂಚ್ತು, ಆಮೇಲೆ ಪಿಂಚಣಿಗೂ ಆಸ್ಪತ್ರೆಗೂ ಅದನ್ನೇ ಕೇಳೋ ಹಂಗಾಯ್ತು, ಶುಗರ್ ಮಾತ್ರೆಗೆ ಅಂತ ಪಾಸ್‌ಪೋರ್ಟ್ ತಗೊಂಡ ಮುದುಕಿ ಯಾರ ಕಡೆ ಅಂತ ಹೆಂಗೆ ಹೇಳ್ತೀರಿ?

ಬೇರೆ ಕಡೆ ರಷ್ಯನ್ ಮಾತಾಡೋರಿಗೂ ಇದೇ ಲೆಕ್ಕ ಹಚ್ಬೇಡಿ. ಮಾಲ್ಡೋವಾದಿಂದ 1990ರಲ್ಲಿ ಬೇರೆ ಆದ್ವಿ ಅಂತ ಸಾರಿಕೊಂಡ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯಾದ ಸೈನಿಕರು ಇದಾರೆ, ಆದ್ರೆ ಅಲ್ಲಿ ಬಹಳ ಜನರ ಹತ್ರ ಮಾಲ್ಡೋವಾ ಪಾಸ್‌ಪೋರ್ಟೂ ಐತೆ. ಎಸ್ಟೋನಿಯಾದ ನಾರ್ವಾ ಊರಲ್ಲಿ ಹೆಚ್ಚುಕಮ್ಮಿ ಎಲ್ಲರೂ ರಷ್ಯನ್ ಮಾತಾಡ್ತಾರೆ, ನದಿ ಆಚೆ ರಷ್ಯಾನೇ ಕಾಣ್ತದೆ, ಆದ್ರೆ ಅವ್ರ ಜಗಳ ಪೌರತ್ವದ್ದು, ಸ್ಕೂಲ್ ಭಾಷೇದು.

ಝೆಲೆನ್ಸ್ಕಿ ಹುಟ್ಟಿ ಬೆಳೆದ ಕ್ರಿವಿ ರಿಹ್ ನಮ್ಮ ಸಂಡೂರಿನ ಥರ ಕಬ್ಬಿಣದ ಅದಿರಿನ ಊರು, ಅವನ ಮಾತೃಭಾಷೆ ರಷ್ಯನ್ನೇ, 2019ರಲ್ಲಿ ಉಕ್ರೇನ್ ಅಧ್ಯಕ್ಷರ ಚುನಾವಣೇಲಿ ಶೇ. 73 ಓಟು ತಗೊಂಡು ಗೆದ್ದ. 2022ರಲ್ಲಿ ರಷ್ಯಾದ ಬಾಂಬು ಜಾಸ್ತಿ ಬಿದ್ದ ಮರಿಯುಪೋಲ್, ಖಾರ್ಕಿವ್ ಎರಡೂ ಬಹುಪಾಲು ರಷ್ಯನ್ ಮಾತಾಡ್ತಿದ್ದ ಊರುಗಳೇ. ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ಹುಡುಗ ಆ ಮಾರ್ಚ್ 1ಕ್ಕೆ ತೀರ್ಕೊಂಡಿದ್ದು ಖಾರ್ಕಿವಲ್ಲೇ.

ಸಾಧ್ಯ ಆದ್ರೆ ಅಲ್ಲಿಂದ ವಾಪಸ್ ಬಂದ ಹುಡುಗ್ರನ್ನ ಮಾತಾಡಿಸಿ, ಟಿವಿಗಿಂತ ಅದು ಮೇಲು. ಯಾರ ಕಡೆ ಅವ್ರು ಅಂತ ಕೇಳ್ಬೇಡಿ, ಮನೆ ಓನರ್ ಜೊತೆ ಏನ್ ಮಾತಾಡ್ತಿದ್ರಿ, ಪೇಷಂಟ್ ಜೊತೆ ಯಾವ ಭಾಷೆ ಅಂತ ಕೇಳಿ. ನಮ್ಮ ಓಣಿ ಹುಡುಗ ಒಬ್ಬ ಖಾರ್ಕಿವಲ್ಲಿ ಓದ್ತಿದ್ದ, ರೋಗಿಗಳ ಜೊತೆ ಮಾತಾಡೋಕೆ ಅಂತ ಕಲಿತಿದ್ದು ರಷ್ಯನ್, ಓನರ್ ಆಂಟಿನೂ ಅವನ ಜೊತೆ ರಷ್ಯನ್ನೇ. ಯುದ್ಧ ಆದ್ಮೇಲೆ ಆಕೆ ವಾಯ್ಸ್ ಮೆಸೇಜ್ ಕಳಿಸೋದು ಉಕ್ರೇನಿಯನ್‌ನಲ್ಲಿ, ತಡವರಿಸ್ತಾ, ಮಧ್ಯ ಪದ ಸಿಗದೆ ಸುಮ್ನಾಗ್ತಾಳಂತೆ. ಇವನಿಗೆ ಅರ್ಧ ಅರ್ಥ ಆಗಲ್ಲ. ಮೊನ್ನೆ ಒಂದು ಮೆಸೇಜ್ ನನಗೂ ಕೇಳಿಸ್ದ, ಹಿಂದೆ ಬೆಕ್ಕು ಏನೋ ಬೀಳಿಸ್ತು, ಆಕೆ ಬೈದಿದ್ದು ರಷ್ಯನ್ನಲ್ಲಿ, ಅಷ್ಟು ಮಾತ್ರ ಇವನಿಗೆ ಪೂರ್ತಿ ಅರ್ಥ ಆಯ್ತು.