ಮುಳುಗುತ್ತಾ, ತೇಲುತ್ತಾ? ಪುಟಾಣಿಗಳಿಗೆ ಒಂದು ಟಬ್ಬಿನ ವಿಜ್ಞಾನ

ನಾಲ್ಕೈದು ವರ್ಷದ ಮಕ್ಕಳಿಗೆ ವಿಜ್ಞಾನ ಅಂದ ಕೂಡಲೇ ನಾವು ಗೋಡೆಗೆ ಅಂಟಿಸುವ ಚಾರ್ಟ್ ಹುಡುಕುತ್ತೇವೆ. ಅದೇನೂ ಬೇಡ. ಒಂದು ಟಬ್ಬು ನೀರು, ಮನೆಯಲ್ಲೇ ಇರುವ ಏಳೆಂಟು ವಸ್ತು ಸಾಕು.

ಮೊದಲು ಸಾಮಾನು. ಚಮಚ, ಮುಷ್ಟಿ ಗಾತ್ರದ ಕಲ್ಲು, ಮರದ ತುಂಡು, ಪ್ಲಾಸ್ಟಿಕ್ ಡಬ್ಬಿ, ಎರಡು ಕಿತ್ತಳೆ, ಒಂದಿಷ್ಟು ಬಣ್ಣದ ಕ್ಲೇ. ಕ್ಲೇ ನೀರಲ್ಲಿ ಕರಗದಂಥದ್ದಾಗಿರಲಿ. ಹಿಟ್ಟಿನಿಂದ ಮಾಡಿದ್ದಾದರೆ ಟಬ್ಬೆಲ್ಲ ರಾಡಿ. ಗೋಲಿ, ಗುಂಡಿ ಬೇಡವೇ ಬೇಡ, ಸೀದಾ ಬಾಯಿಗೆ ಹೋಗುತ್ತವೆ. ಇನ್ನೊಂದು ಮಾತು: 5 ಸೆಂಟಿಮೀಟರ್ ನೀರೂ ಪುಟ್ಟ ಮಗುವಿಗೆ ಅಪಾಯವೇ. ಫೋನ್ ಬಂತು ಅಂತ ಎದ್ದು ಹೋಗಬೇಡಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ.

ಇನ್ನು ಅಸಲಿ ಕೆಲಸ. ಒಂದೊಂದೇ ವಸ್ತುವನ್ನು ಮಗುವಿನ ಕೈಗೆ ಕೊಡಿ. ನೀರಿಗೆ ಹಾಕುವ ಮೊದಲು ಕೇಳಿ, ‘ಇದು ಮುಳುಗುತ್ತಾ, ತೇಲುತ್ತಾ?’ ಕೇಳಿ ಸುಮ್ನೆ ಕಾಯಿರಿ. ಈ ಕಾಯುವುದೇ ಕಷ್ಟ. ಉತ್ತರ ಹೇಳಿಬಿಡೋಣ ಅಂತ ದೊಡ್ಡವರ ನಾಲಿಗೆ ತುರಿಸುತ್ತಿರುತ್ತದೆ. ಊಹೆ ಸುಳ್ಳಾದರೆ ‘ತಪ್ಪು’ ಅನ್ನಬೇಡಿ. ‘ಯಾಕೆ ಹಾಗನ್ನಿಸಿತು?’ ಅಂತ ಕೇಳಿ. ‘ಭಾರ ಇದ್ಯಲ್ಲ, ಅದಕ್ಕೆ ಮುಳುಗುತ್ತೆ’ ಎಂಬ ಉತ್ತರ ಬಂದರೆ ಖುಷಿಪಡಿ. ಮಗು ತಾನೇ ಒಂದು ನಿಯಮ ಕಟ್ಟಿದೆ ಅಂತಾಯಿತು.

ಆ ನಿಯಮಕ್ಕೆ ಕಿತ್ತಳೆಯಿಂದ ಒಂದು ಪೆಟ್ಟು ಕೊಡಿ. ಸಿಪ್ಪೆಯಿರುವ ಹಣ್ಣು ತೇಲುತ್ತದೆ. ಇನ್ನೊಂದನ್ನು ಸುಲಿದು ಹಾಕಿ. ಸಿಪ್ಪೆ ಹೋಗಿ ಹಗುರವಾಗಿದೆ, ಆದರೂ ಮುಳುಗುತ್ತದೆ! ಸಿಪ್ಪೆಯೊಳಗಿನ ಸಣ್ಣ ಸಣ್ಣ ಗಾಳಿಗೂಡುಗಳೇ ಹಣ್ಣನ್ನು ಎತ್ತಿ ಹಿಡಿದಿದ್ದವು. ಹಿಂದಿನ ದಿನ ಒಮ್ಮೆ ಮಾಡಿ ನೋಡಿಕೊಳ್ಳಿ. ತೊಳೆಗಳ ನಡುವೆ ಗಾಳಿ ಉಳಿದಿದ್ದರೆ ಸುಲಿದ ಹಣ್ಣೂ ಕೆಲವೊಮ್ಮೆ ತೇಲಿ ಮರ್ಯಾದೆ ಕಳೆಯುತ್ತದೆ.

ಆಮೇಲೆ ಕ್ಲೇ. ಉಂಡೆ ಮಾಡಿ ಹಾಕಿದರೆ ತಳ ಸೇರುತ್ತದೆ. ಅದನ್ನೇ ಎತ್ತಿ ಒರೆಸಿ, ತಟ್ಟಿ, ಅಂಚು ಎತ್ತರಿಸಿ ದೋಣಿ ಮಾಡಿ, ಮೆಲ್ಲಗೆ ಬಿಡಿ. ತೇಲುತ್ತದೆ. ‘ಕ್ಲೇ ಕಮ್ಮಿ ಆಯ್ತು’ ಅಂತ ಕೆಲವು ಮಕ್ಕಳು ವಾದಿಸಬಹುದು. ಆಕಾರ ಬದಲಾದರೆ ಪ್ರಮಾಣವೂ ಬದಲಾಯಿತು ಎಂದುಕೊಳ್ಳುವುದು ಈ ವಯಸ್ಸಿನ ಸಹಜ ಗುಣ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಇದನ್ನು ವಿವರವಾಗಿ ತೋರಿಸಿಕೊಟ್ಟರು. ವಾದಕ್ಕೆ ಇಳಿಯಬೇಡಿ, ಮತ್ತೆ ಉಂಡೆ ಕಟ್ಟಿಸಿ. ದೋಣಿ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೇ ತೇಲುತ್ತದೆ. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು. ‘ಸಾಂದ್ರತೆ’ ಎಂಬ ಪದಕ್ಕೆ ಇನ್ನೂ ವರ್ಷಗಳಿವೆ.

ಕೊನೆಗೆ ಹಾಳೆಯಲ್ಲಿ ಅಡ್ಡಗೆರೆ ಎಳೆದುಕೊಡಿ. ತೇಲಿದ್ದು ಮೇಲೆ, ಮುಳುಗಿದ್ದು ಕೆಳಗೆ. ಮಗುವೇ ಚಿತ್ರ ಬರೆಯಲಿ. ಇಪ್ಪತ್ತು ನಿಮಿಷಕ್ಕೆ ಮುಗಿಸಿ. ಮರುದಿನ ಅದೇ ಮಗು ಚಪ್ಪಲಿ ಹಿಡಿದು ಟಬ್ಬಿನ ಮುಂದೆ ನಿಂತರೆ ಗದರಬೇಡಿ. ಹಾಕುವ ಮೊದಲು ಊಹೆ ಏನು ಅಂತ ಕೇಳಿ.